ಕಾರು ಬೀದಿಗೆ, ವಿಮಾನ ಶೆಡ್ಡಿಗೆ

ಪೆಟ್ಟಿಗೆಯಲ್ಲಿ ಬರುವುದು ತಗಡು, ಕೊಳವೆ, ಸಾವಿರಾರು ರಿವೆಟ್. ಕೊನೆಗೆ ಹೊರಬೀಳುವುದು ಹಾರುವ ವಿಮಾನ. ನಡುವೆ ಖರ್ಚಾಗುವುದು ಎಷ್ಟೋ ವರ್ಷಗಳ ಶನಿವಾರ, ಭಾನುವಾರ ಮತ್ತು ಮನೆಯವರ ತಾಳ್ಮೆ. ಸ್ವಂತ ಕೈಯಿಂದ ವಿಮಾನ ಕಟ್ಟುವ ಹವ್ಯಾಸಿಗಳಿಗೆ ಜುಲೈ ಎಂದರೆ ಜಾತ್ರೆಯ ತಿಂಗಳು. ಅವರ ಲೋಕದ ಒಂದು ಎಳೆ ಬೆಂಗಳೂರಿಗೂ ಬಂದು ಮುಟ್ಟುತ್ತದೆ.

2014ರ ಜುಲೈ ಕೊನೆಯ ವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್ ಎಂಬ ಸಣ್ಣ ಊರಿನ ವಿಮಾನ ನಿಲ್ದಾಣ. ಒಂದು ಡೇರೆಯ ಮುಂದೆ ಜನ ಸರತಿ ನಿಂತಿದ್ದಾರೆ. ಸಾಲಿನಲ್ಲಿ ಪೈಲಟ್‌ಗಳಿದ್ದಾರೆ, ಜನ್ಮದಲ್ಲಿ ಕಾಕ್‌ಪಿಟ್ ಒಳಗೆ ಕೂರದವರಿದ್ದಾರೆ, ಅಪ್ಪನ ಕೈ ಹಿಡಿದ ಮಕ್ಕಳಿದ್ದಾರೆ.

ಸರದಿ ಬಂದವರ ಕೈಗೆ ಸ್ವಯಂಸೇವಕರು ರಿವೆಟ್ ಹಾಕುವ ಸಾಧನ ಕೊಡುತ್ತಾರೆ. ತೋರಿಸಿದ ತೂತಿಗೆ ರಿವೆಟ್ ತೂರಿಸಿ ಒತ್ತಬೇಕು. ಟಕ್! ಅಷ್ಟೇ ಕೆಲಸ. ಹೆಸರು ಬರೆದು ಮುಂದೆ ನಡೆಯಬೇಕು.

ವಾರದ ಆರಂಭದಲ್ಲಿ ಅಲ್ಲಿದ್ದದ್ದು ಜೆನಿತ್ ಸಿಎಚ್ 750 ಎಂಬ ಎರಡು ಸೀಟಿನ ವಿಮಾನದ ಬಿಡಿಭಾಗಗಳು. ವಾರ ಮುಗಿಯುವಷ್ಟರಲ್ಲಿ ಅವೇ ಬಿಡಿಭಾಗಗಳು ಒಂದು ವಿಮಾನವಾಗಿ, ಸ್ವಂತ ಎಂಜಿನ್ ಬಲದಲ್ಲಿ, ಸಾವಿರಾರು ಜನರ ಕಣ್ಣೆದುರೇ ನಿಲ್ದಾಣದ ನೆಲದ ಮೇಲೆ ಓಡಿದವು. ಆ ಪ್ರದರ್ಶನಕ್ಕೆ ಇಟ್ಟ ಹೆಸರು 'ಒನ್ ವೀಕ್ ವಂಡರ್'. 2018ರಲ್ಲಿ ಇನ್ನೊಂದು ಮಾದರಿಯ ವಿಮಾನವನ್ನು ಹೀಗೆಯೇ ಕಟ್ಟಿ ತೋರಿಸಿದರು.

ಇದನ್ನು ನೋಡಿ ವಾರದಲ್ಲಿ ವಿಮಾನ ಕಟ್ಟಬಹುದೆಂದು ಮನೆಗೆ ಹೊರಟವರು ಮೋಸ ಹೋದರು ಎಂದೇ ಲೆಕ್ಕ. ಅಲ್ಲಿ ದುಡಿದದ್ದು ನುರಿತವರ ದೊಡ್ಡ ತಂಡ. ಮನೆಯ ಶೆಡ್ಡಿನಲ್ಲಿ ಒಬ್ಬನೇ ಕುಳಿತು ಮಾಡುವ ಹವ್ಯಾಸಿಗೆ ಅದೇ ಕೆಲಸ ಎರಡು ವರ್ಷವಾದೀತು, ಹತ್ತು ವರ್ಷವೂ ಆದೀತು. ಅರ್ಧಕ್ಕೇ ನಿಂತು, ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿಕೊಂಡು ಮಲಗಿರುವ ವಿಮಾನಗಳೂ ಲೋಕದಲ್ಲಿ ಬೇಕಾದಷ್ಟಿವೆ.

ಯಲಹಂಕದ ಏರೋ ಇಂಡಿಯಾ ನೋಡಿದವರಿಗೆ ವಿಮಾನ ಪ್ರದರ್ಶನ ಎಂದರೆ ಕಿವಿ ಮುಚ್ಚಿಕೊಂಡು ಆಕಾಶ ನೋಡುವುದು. ಅಲ್ಲಿ ವಿಮಾನ ಸರ್ಕಾರದ್ದು, ಕಂಪನಿಯದ್ದು. ನಾವು ಬೇಲಿಯ ಈಚೆಗಿನವರು. ಆಶ್‌ಕಾಶ್‌ನ 'ಏರ್‌ವೆಂಚರ್' ಬೇರೆ ಜಾತಿಯ ಹಬ್ಬ. ಬಂದವರಲ್ಲಿ ಬಹಳ ಮಂದಿ ತಮ್ಮ ವಿಮಾನದಲ್ಲೇ ಬರುತ್ತಾರೆ, ಅದರ ರೆಕ್ಕೆಯ ಕೆಳಗೇ ಡೇರೆ ಹಾಕಿ ಮಲಗುತ್ತಾರೆ. ಆ ವಾರದಲ್ಲಿ ಆ ಪ್ರದೇಶಕ್ಕೆ ಬಂದಿಳಿಯುವ ವಿಮಾನಗಳ ಸಂಖ್ಯೆ 10 ಸಾವಿರ ದಾಟುತ್ತದೆ. ಅಷ್ಟು ದಿನ ಅಲ್ಲಿನ ಕಂಟ್ರೋಲ್ ಟವರ್ ಜಗತ್ತಿನಲ್ಲೇ ಅತಿ ಬಿಡುವಿಲ್ಲದ ಟವರ್.

ರೇಡಿಯೊದಲ್ಲಿ ಒಬ್ಬೊಬ್ಬರೂ ಉತ್ತರಿಸುತ್ತ ಕುಳಿತರೆ ಗದ್ದಲವಾಗುತ್ತದೆಂದು ಒಂದು ಉಪಾಯ ಮಾಡಿದ್ದಾರೆ. ಗುಲಾಬಿ ಅಂಗಿ ತೊಟ್ಟ ನಿಯಂತ್ರಕರು ನೆಲದಿಂದಲೇ ಬಣ್ಣ ನೋಡಿ ವಿಮಾನವನ್ನು ಗುರುತಿಸಿ ಸೂಚನೆ ಕೊಡುತ್ತಾರೆ. ಕೇಳಿಸಿತು ಎನ್ನಲು ಪೈಲಟ್ ಬಾಯಿ ಬಿಡುವಂತಿಲ್ಲ, ರೆಕ್ಕೆ ಅಲ್ಲಾಡಿಸಬೇಕು.

ಮೊದಲು ಬಾಲ, ಆಮೇಲೆ ರೆಕ್ಕೆ

ಕಿಟ್ ಎಂದರೆ ಏನು? ಪೂರ್ತಿ ವಿಮಾನವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟದ್ದು ಎಂದುಕೊಂಡರೆ ತಪ್ಪು. ಕಂಪನಿ ಕೊಡುವುದು ಆಕಾರಕ್ಕೆ ಕತ್ತರಿಸಿದ ಅಲ್ಯೂಮಿನಿಯಂ ತಗಡು, ಬಾಗಿಸಿದ ಪಟ್ಟಿ, ತೂತು ಕೊರೆದ ಅಸ್ಥಿಭಾಗ, ಲೆಕ್ಕವಿಲ್ಲದಷ್ಟು ರಿವೆಟ್ ಮತ್ತು ದಪ್ಪನೆಯ ಒಂದು ಕೈಪಿಡಿ. ಎಂಜಿನ್, ಪ್ರೊಪೆಲರ್, ಉಪಕರಣಗಳು ಸಾಮಾನ್ಯವಾಗಿ ಬೇರೆ ಖರೀದಿ. ಸೀಟಿನ ಬಟ್ಟೆ, ಬಣ್ಣ ಕೂಡ.

ಈ ವ್ಯಾಪಾರದಲ್ಲಿ ಅತಿ ದೊಡ್ಡ ಹೆಸರು ಒರೆಗಾನ್ ರಾಜ್ಯದ 'ವ್ಯಾನ್ಸ್ ಏರ್‌ಕ್ರಾಫ್ಟ್'. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಎಂಬ ಎಂಜಿನಿಯರ್ ತನಗಾಗಿ ಕಟ್ಟಿಕೊಂಡ ಆರ್‌ವಿ-3 ಎಂಬ ಒಂಟಿ ಸೀಟಿನ ವಿಮಾನವನ್ನು 1972ರಲ್ಲಿ ಆಶ್‌ಕಾಶ್‌ಗೆ ತಂದರು. ನೋಡಿದವರೆಲ್ಲ ನಕ್ಷೆ ಕೇಳಿದರು. ಅಲ್ಲಿಂದ ಶುರುವಾದ ಆರ್‌ವಿ ಸರಣಿಯ 11 ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಇಂದಿನವರೆಗೆ ಜನ ಮನೆಯಲ್ಲಿ ಕಟ್ಟಿ ಹಾರಿಸಿದ್ದಾರೆ. ಆರ್‌ವಿ ಎನ್ನುವುದು ಅವರದೇ ಹೆಸರಿನ ಮೊದಲಕ್ಷರಗಳು.

ಕಂಪನಿಗಳು ಬಾಲದಿಂದ ಶುರು ಮಾಡಿಸುವುದರ ಹಿಂದೆ ಒಂದು ಜಾಣತನವಿದೆ. ಬಾಲದ ಕಿಟ್ ಅಗ್ಗ, ಗಾತ್ರ ಚಿಕ್ಕದು, ಆದರೆ ರೆಕ್ಕೆಗೆ ಬೇಕಾದ ಎಲ್ಲ ಕೈಚಳಕವೂ ಅದರಲ್ಲಿ ಬರುತ್ತದೆ. ಇದು ನಮ್ಮ ಕೆಲಸವಲ್ಲ ಎಂದು ಬಾಲದ ಹಂತದಲ್ಲೇ ಗೊತ್ತಾದರೆ ನಷ್ಟ ಸಹಿಸುವಂಥದ್ದು. ಹಾಗೆ ಗೊತ್ತಾಗಿ ಬಿಟ್ಟವರ ಬಾಲಗಳು ಅರ್ಧ ಬೆಲೆಗೆ ಇನ್ನೊಬ್ಬರ ಶೆಡ್ಡು ಸೇರುವುದೂ ಈ ಲೋಕದ ವಾಡಿಕೆ.

ಕೆಲಸದ ಸ್ವರೂಪ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಹವ್ಯಾಸದ ಜೀವ ಇರುವುದು ಅಲ್ಲಿ. ವಿಮಾನದ ತಗಡು ಪಾತ್ರೆ ಅಂಗಡಿಯ ಅಲ್ಯೂಮಿನಿಯಂ ಅಲ್ಲ. ತಾಮ್ರ ಬೆರೆಸಿ, ಕಾಯಿಸಿ ಹದ ಮಾಡಿದ 2024-ಟಿ3 ಎಂಬ ಮಿಶ್ರಲೋಹ. ಮೇಲೆ ತುಕ್ಕು ತಡೆಯಲು ಶುದ್ಧ ಅಲ್ಯೂಮಿನಿಯಂನ ತೆಳು ಪದರ. ಇದನ್ನು ವೆಲ್ಡಿಂಗ್ ಮಾಡಿದರೆ ಕಾಯಿಸಿ ತಂದ ಬಲವೇ ಹೋಗುತ್ತದೆ. ಅದಕ್ಕೇ ರಿವೆಟ್.

ರಿವೆಟ್‌ಗೆ ತೂತು ಬೇಕು. ತೂತು ಕೊರೆದಾಗ ಅಂಚಿನಲ್ಲಿ ಲೋಹದ ಚೂಪು ಎಳೆ ಉಳಿಯುತ್ತದೆ. ಬೆರಳಿಗೆ ಸಿಕ್ಕೂ ಸಿಗದಷ್ಟು ಸಣ್ಣದು. ಹಾಗೆಯೇ ಬಿಟ್ಟರೆ ಮುಂದೆ, ಹಾರಾಟದ ನಡುಕಕ್ಕೆ ಸಿಕ್ಕಿ, ಬಿರುಕು ಹುಟ್ಟುವುದು ಅಲ್ಲಿಂದಲೇ. ಆದ್ದರಿಂದ ಪ್ರತಿ ತೂತಿನ ಎರಡೂ ಬದಿಯನ್ನು ಕೈಯಿಂದ ಸವರಿ ನುಣುಪು ಮಾಡಬೇಕು. ಒಂದು ವಿಮಾನದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್. ಒಂದೊಂದು ರಿವೆಟ್ ಕನಿಷ್ಠ ಎರಡು ತಗಡನ್ನು ಹಾದು ಹೋಗುತ್ತದೆ. ಉಳಿದ ಗುಣಾಕಾರವನ್ನು ಓದುಗರೇ ಮಾಡಿಕೊಳ್ಳಲಿ.

ನುಣುಪಾದ ಮೇಲೆ, ರಿವೆಟ್‌ನ ತಲೆ ತಗಡಿನ ಮಟ್ಟಕ್ಕೇ ಕೂರಲೆಂದು ತೂತಿನ ಸುತ್ತ ಸಣ್ಣ ಕುಳಿ ಒತ್ತಬೇಕು. ತಲೆ ಎದ್ದು ನಿಂತರೆ ಗಾಳಿ ಎಳೆಯುತ್ತದೆ, ವೇಗ ಕಡಿಮೆಯಾಗುತ್ತದೆ. ಬಳಿಕ ತಗಡುಗಳನ್ನು ಕ್ಲೀಕೊ ಎಂಬ ತಾತ್ಕಾಲಿಕ ಹಿಡಿಕೆಗಳಿಂದ ಜೋಡಿಸಬೇಕು. ನೂರಾರು ಕ್ಲೀಕೊ ಚುಚ್ಚಿಸಿಕೊಂಡ ರೆಕ್ಕೆ ಮುಳ್ಳುಹಂದಿಯ ಹಾಗೆ ಕಾಣುತ್ತದೆ.

ಆಮೇಲೆ ಹೊಡೆತ. ಒಂದು ಬದಿಯಲ್ಲಿ ಗಾಳಿ ಒತ್ತಡದ ರಿವೆಟ್ ಗನ್, ಇನ್ನೊಂದು ಬದಿಯಲ್ಲಿ ಉಕ್ಕಿನ ಗಟ್ಟಿ ತುಂಡು ಒತ್ತಿ ಹಿಡಿಯುವ ಕೈ. ಇದು ಇಬ್ಬರ ಕೆಲಸ. ಆ ಎರಡನೆಯವರು ಬಹುತೇಕ ಮನೆಗಳಲ್ಲಿ ಹೆಂಡತಿ, ಇಲ್ಲವೇ ಗಂಡ, ಇಲ್ಲವೇ ಹೋಂವರ್ಕ್ ಬಿಟ್ಟು ಬಂದ ಮಗಳು. ರೆಕ್ಕೆಯ ಪೊಳ್ಳಿನೊಳಗೆ ಮೊಳಕೈವರೆಗೆ ತೂರಿಸಿ, ಏನೂ ಕಾಣದೆ, ಬರೀ ಸ್ಪರ್ಶದಿಂದ ಉಕ್ಕನ್ನು ನೇರ ಹಿಡಿಯುವುದು ಗನ್ ಹಿಡಿಯುವುದಕ್ಕಿಂತ ಕಷ್ಟ. ಫೋಟೊದಲ್ಲಿ ಬರುವುದು ಗನ್ ಹಿಡಿದವನು.

ಸರಿಯಾಗಿ ಕೂತ ರಿವೆಟ್‌ಗೂ ಅಳತೆಯಿದೆ. ಚಪ್ಪಟೆಯಾದ ತುದಿ ರಿವೆಟ್‌ನ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ದಪ್ಪ ಇರಬೇಕು. ಓರೆಯಾದರೆ ಕೊರೆದು ತೆಗೆಯಬೇಕು. ತೆಗೆಯುವಾಗ ಕೈ ಜಾರಿ ತೂತು ದೊಡ್ಡದಾದರೆ ಇನ್ನೊಂದು ತಲೆನೋವು. ಅನುಭವಿಗಳು ಕೆಲವು ಕೆಟ್ಟ ರಿವೆಟ್‌ಗಳನ್ನು ಹಾಗೆಯೇ ಬಿಡಿ ಎನ್ನುವುದು ಅದಕ್ಕೇ. ಯಾವುದನ್ನು ಬಿಡಬೇಕು, ಯಾವುದನ್ನು ತೆಗೆಯಬೇಕು ಎಂಬ ತೀರ್ಮಾನ ಕೈಪಿಡಿಯಲ್ಲಿ ಸಿಗುವುದಿಲ್ಲ, ಕೈಗೆ ಹತ್ತಬೇಕು.

ರೆಕ್ಕೆಯೊಳಗೆ ಪೆಟ್ರೋಲ್ ಟ್ಯಾಂಕ್ ಕಟ್ಟುವ ಹಂತವನ್ನು ಯಾರೂ ಪ್ರೀತಿಯಿಂದ ನೆನೆಯುವುದಿಲ್ಲ. ಪ್ರತಿ ಕೀಲಿಗೂ ಅಂಟಂಟಾದ, ನಾರುವ ಕಪ್ಪು ಲೇಪ ಬಳಿಯಬೇಕು. ಬಟ್ಟೆಗೆ ತಾಗಿದರೆ ಬಟ್ಟೆ ಹೋಯಿತು, ಕೂದಲಿಗೆ ತಾಗಿದರೆ ಕತ್ತರಿಯೇ ಗತಿ. ಇಷ್ಟಾದ ಮೇಲೂ ಟ್ಯಾಂಕ್ ಸೋರಬಹುದು.

ಬಾಕ್ಸ್: ಲೆಕ್ಕ ಹಾಕಿದರೆ

ಎರಡು ಸೀಟಿನ ಲೋಹದ ಕಿಟ್ ವಿಮಾನಕ್ಕೆ ಹಿಡಿಯುವ ದುಡಿಮೆ ಸುಮಾರು 1,500ರಿಂದ 2,500 ಗಂಟೆ. ಕಾರ್ಖಾನೆಯಲ್ಲೇ ಅರೆಜೋಡಣೆ ಮಾಡಿಕೊಟ್ಟ ದುಬಾರಿ ಕಿಟ್ ಕೊಂಡರೆ ಗಂಟೆಗಳು ಇಳಿಯುತ್ತವೆ.

ಎಂಜಿನ್, ಉಪಕರಣ ಸೇರಿದರೆ ಖರ್ಚು 1 ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಹೊಸ ಸೆಸ್ನಾ 172 ಬೇಕೆಂದರೆ 4 ಲಕ್ಷ ಡಾಲರ್‌ಗೂ ಮೇಲೆ ತೆರಬೇಕು.

ಹವ್ಯಾಸಿಗಳ ನಡುವಿನ ಹಳೆಯ ತಮಾಷೆ: 'ಶೇ 90ರಷ್ಟು ಮುಗಿದಿದೆ, ಇನ್ನು ಶೇ 90 ಮಾತ್ರ ಬಾಕಿ.'

ಬಿದಿರು, ರೇಷ್ಮೆ, ಫೋರ್ಡ್ ಎಂಜಿನ್

ಮನೆಯಲ್ಲಿ ವಿಮಾನ ಕಟ್ಟುವುದು ಹೊಸ ಹುಚ್ಚಲ್ಲ. ರೈಟ್ ಸಹೋದರರು ಸೈಕಲ್ ಅಂಗಡಿಯವರು. ಕಾರ್ಖಾನೆಯ ವಿಮಾನವೇ ಆಮೇಲೆ ಬಂದದ್ದು.

ಬ್ರೆಜಿಲ್ ಮೂಲದ ಆಲ್ಬರ್ಟೊ ಸಾಂಟೋಸ್ ಡುಮಾಂಟ್ ಪ್ಯಾರಿಸ್‌ನಲ್ಲಿ ಬಿದಿರು, ರೇಷ್ಮೆ ಬಳಸಿ 'ಡೆಮೊಸೆಲ್' ಎಂಬ ಪುಟ್ಟ ವಿಮಾನ ಕಟ್ಟಿದರು. ಪೇಟೆಂಟ್ ಮಾಡಿಸುವ ಗೋಜಿಗೆ ಹೋಗಲಿಲ್ಲ. ಅದರ ನಕ್ಷೆ 1910ರಲ್ಲಿ ಅಮೆರಿಕದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಬೇಕಾದವರು ಮಾಡಿಕೊಳ್ಳಿ ಎಂಬ ಧಾರಾಳ.

1929ರ ಹೊತ್ತಿಗೆ ಮಿನೆಸೋಟದ ಚೆರ್ರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಸ್ವಯಂಕಲಿತ ಮೆಕ್ಯಾನಿಕ್ ಫೋರ್ಡ್ ಮಾಡೆಲ್-ಎ ಕಾರಿನ ಎಂಜಿನ್ ಕಿತ್ತು ಮರದ ವಿಮಾನಕ್ಕೆ ಕೂರಿಸಿ ಹಾರಿದ. ಆತನ 'ಏರ್ ಕ್ಯಾಂಪರ್' ನಕ್ಷೆ ಕೊಂಡು ಕಟ್ಟುವವರು ಇವತ್ತಿಗೂ ಇದ್ದಾರೆ.

ಫ್ರಾನ್ಸ್‌ನ ಆನ್ರಿ ಮಿನ್ಯೆಯ ಕತೆ ಅಷ್ಟು ಸುಖದ್ದಲ್ಲ. ಆತ 1933ರಲ್ಲಿ ಹಾರಿಸಿದ, ಜನ 'ಹಾರುವ ಚಿಗಟ' ಎಂದು ಕರೆದ ವಿಮಾನ ಯುರೋಪಿಗೇ ಹುಚ್ಚು ಹಿಡಿಸಿತು. ಮೊಳೆ ಹೊಡೆಯಲು ಬರುವ ಯಾರಾದರೂ ಕಟ್ಟಬಹುದು ಎಂಬ ಭರವಸೆ ಅದರ ಬಂಡವಾಳ. ಮುಂದೊಂದು, ಹಿಂದೊಂದು ರೆಕ್ಕೆ. ಮುಂದಿನದನ್ನು ಓರೆ ಮಾಡಿದರೆ ಮೇಲೇರುತ್ತದೆ. ಸಮಸ್ಯೆ ಇದ್ದದ್ದು ಆ ಎರಡು ರೆಕ್ಕೆಗಳ ನಡುವಿನ ಕಿಂಡಿಯಲ್ಲಿ. ಮೂಗು ಕಡಿದಾಗಿ ಕೆಳಗಾದಾಗ ಕಿಂಡಿಯಲ್ಲಿ ನುಗ್ಗುವ ಗಾಳಿ ಹಿಂದಿನ ರೆಕ್ಕೆಯನ್ನು ಮೇಲೆತ್ತುತ್ತಿತ್ತು. ಪೈಲಟ್ ಕೋಲು ಎಳೆದಷ್ಟೂ ವಿಮಾನ ಮೇಲೇಳದೆ ಕೆಳಗೇ ನುಗ್ಗುತ್ತಿತ್ತು. ಹಲವರು ಸತ್ತರು. ಪೂರ್ಣ ಗಾತ್ರದ ವಿಮಾನವನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸಿದ ಮೇಲೆ ಕಾರಣ ಬಯಲಾಯಿತು. 1936ರಲ್ಲಿ ಅದಕ್ಕೆ ನಿಷೇಧ ಬಿತ್ತು.

ಕಟ್ಟಿದವರ ಮೊಳೆಯಲ್ಲಿ ತಪ್ಪಿರಲಿಲ್ಲ. ನಕ್ಷೆಯಲ್ಲಿತ್ತು. ಇಂದಿನ ಹವ್ಯಾಸಿ ಸಾವಿರಾರು ಗಂಟೆ ಹಾರಿ ಸೈ ಎನಿಸಿಕೊಂಡ ವಿನ್ಯಾಸದ ಕಿಟ್ ಕೊಳ್ಳುವುದರ ಹಿಂದೆ ಆ ಚಿಗಟದ ನೆನಪು ಇದ್ದೇ ಇದೆ.

ಅಮೆರಿಕದಲ್ಲೂ ಮೂವತ್ತರ ದಶಕದ ಕೊನೆಗೆ ನಿಯಮ ಬಿಗಿಯಾಗಿ ಮನೆಯ ವಿಮಾನಗಳು ಬಹುತೇಕ ನೆಲ ಹಿಡಿದವು. 1947ರಲ್ಲಿ ಜಾರ್ಜ್ ಬೊಗಾರ್ಡಸ್ ಎಂಬ ಒರೆಗಾನ್ ನಿವಾಸಿ 'ಲಿಟಲ್ ಜೀ ಬೀ' ಎಂಬ ತನ್ನ ಮನೆಗಟ್ಟಿನ ವಿಮಾನದಲ್ಲೇ ದೇಶದ ಆ ಕೊನೆಯಿಂದ ಈ ಕೊನೆಗೆ, ವಾಷಿಂಗ್ಟನ್‌ವರೆಗೆ, ಹಾರಿ ಹೋಗಿ ಅಧಿಕಾರಿಗಳ ಬಾಗಿಲು ತಟ್ಟಿದ. ಅರ್ಜಿಯ ಜತೆ ಅಡಕ ಪತ್ರ ಲಗತ್ತಿಸುವವರನ್ನು ನಾವು ಕಂಡಿದ್ದೇವೆ. ಈತ ವಿಮಾನವನ್ನೇ ಲಗತ್ತಿಸಿದ. ನಿಯಮ ಕ್ರಮೇಣ ಸಡಿಲವಾಯಿತು.

1953ರಲ್ಲಿ ಪಾಲ್ ಪೊಬೆರೆಝ್ನಿ ಮಿಲ್ವಾಕಿ ನಗರದಲ್ಲಿ ಹವ್ಯಾಸಿಗಳ ಸಂಘ ಕಟ್ಟಿದರು. ಅದೇ ಇಎಎ, ಆಶ್‌ಕಾಶ್ ಜಾತ್ರೆಯ ಯಜಮಾನ. ಮೊದಮೊದಲು ಅವರ ಮನೆಯ ನೆಲಮಾಳಿಗೆಯೇ ಸಂಘದ ಕಚೇರಿ. 1955ರಲ್ಲಿ ಅವರು 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆಗೆ ಬರೆದ ಲೇಖನಮಾಲೆಯ ಆಕರ್ಷಣೆ, ಎಂಜಿನ್ ಸೇರಿ 800 ಡಾಲರ್‌ನೊಳಗೆ ವಿಮಾನ. ಸದಸ್ಯರು ಮುಗಿಬಿದ್ದರು. ಜಾತ್ರೆ 1970ರಲ್ಲಿ ಆಶ್‌ಕಾಶ್‌ಗೆ ಬಂದು ಅಲ್ಲೇ ನೆಲೆಯಾಯಿತು.

ಕಲಿಕೆಗೆಂದು ಕೊಟ್ಟ ರಿಯಾಯಿತಿ

ಕಾರ್ಖಾನೆಯ ವಿಮಾನಕ್ಕೆ ಪ್ರತಿ ಬೋಲ್ಟ್‌ಗೂ ಪ್ರಮಾಣಪತ್ರ ಕೇಳುವ ಸರ್ಕಾರ ಶೆಡ್ಡಿನ ವಿಮಾನಕ್ಕೆ ಹಾರಲು ಬಿಡುವುದು ಹೇಗೆ?

ಅಮೆರಿಕದ ನಿಯಮದ ತಿರುಳು ಸರಳ. ವಿಮಾನದ ಹೆಚ್ಚಿನ ಪಾಲನ್ನು ಹವ್ಯಾಸಿಯೇ ಕಟ್ಟಿರಬೇಕು, ಮತ್ತು ಸ್ವಂತ ಕಲಿಕೆ ಅಥವಾ ಮನರಂಜನೆಗಾಗಿ ಮಾತ್ರ ಕಟ್ಟಿರಬೇಕು. ಜನರ ಬಾಯಲ್ಲಿ ಇದು 'ಶೇ 51ರ ನಿಯಮ'. ಬೇರೆಯವರಿಂದ ದುಡ್ಡು ಕೊಟ್ಟು ಕಟ್ಟಿಸಿದರೆ ಅನುಮತಿ ಇಲ್ಲ. ಅದಕ್ಕೇ ಪ್ರತಿ ಹಂತದ ಫೋಟೊ, ದಿನಚರಿ ಇಟ್ಟುಕೊಂಡು ನಾನೇ ಮಾಡಿದ್ದು ಎಂದು ತೋರಿಸಬೇಕು.

ಮುಗಿದ ಮೇಲೆ ತಪಾಸಣೆ. ನಂತರ 25 ಅಥವಾ 40 ಗಂಟೆ, ಗೊತ್ತುಪಡಿಸಿದ ಪ್ರದೇಶದಲ್ಲಿ ಪರೀಕ್ಷಾ ಹಾರಾಟ. ಆ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಹತ್ತುವಲ್ಲಿ 'ಎಕ್ಸ್‌ಪೆರಿಮೆಂಟಲ್' ಎಂದು ದಪ್ಪ ಅಕ್ಷರದಲ್ಲಿ ಬರೆದಿರಬೇಕು. ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂಬ ಎಚ್ಚರಿಕೆ ಪ್ರಯಾಣಿಕರ ಕಣ್ಣಿಗೆ ಬೀಳುವಂತಿರಬೇಕು. ಬಾಡಿಗೆಗೆ ಬಿಡುವಂತಿಲ್ಲ.

ಪ್ರತಿಯಾಗಿ ಸಿಗುವುದೂ ಸಣ್ಣದಲ್ಲ. ಕಟ್ಟಿದವನಿಗೆ ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡುವ ಪ್ರಮಾಣಪತ್ರ ಸಿಗುತ್ತದೆ. ಎಂಜಿನಿಯರಿಂಗ್ ಪದವಿ ಕೇಳುವುದಿಲ್ಲ. ಕಟ್ಟಿದ್ದೇ ಪದವಿ. ಅಮೆರಿಕದಲ್ಲಿ ಇಂಥ 30 ಸಾವಿರಕ್ಕೂ ಹೆಚ್ಚು ವಿಮಾನಗಳಿವೆ.

ಬ್ರಿಟನ್ ಇದೇ ಗುರಿಗೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಹವ್ಯಾಸಿಗಳ ಸಂಘವೇ ಇನ್‌ಸ್ಪೆಕ್ಟರ್‌ಗಳನ್ನು ಕಳಿಸಿ ಹಂತ ಹಂತವಾಗಿ ಕೆಲಸ ನೋಡಿಸುತ್ತದೆ. ಒಂದು ಹಂತ ಒಪ್ಪಿಗೆಯಾಗದೆ ತಗಡು ಮುಚ್ಚುವಂತಿಲ್ಲ. ನನ್ನ ಮತ ಬ್ರಿಟನ್‌ಗೆ.

ಬಾಕ್ಸ್: ಒಂದು ಕೀಲಿ ಎಲ್ಲಿರಬೇಕು?

1997ರ ಅಕ್ಟೋಬರ್ 12. ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ತನ್ನ 'ಲಾಂಗ್-ಇಝೀ' ವಿಮಾನದಲ್ಲಿ ಹಾರುತ್ತಿದ್ದವರು ಸಮುದ್ರಕ್ಕೆ ಬಿದ್ದು ಸತ್ತರು. ವಿಮಾನ ಕಟ್ಟಿದ್ದು ಬೇರೆಯವರು. ಡೆನ್ವರ್ ಆಗಷ್ಟೇ ಕೊಂಡಿದ್ದರು.

ಒಂದು ಟ್ಯಾಂಕ್‌ನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಕೀಲಿಯನ್ನು, ನಕ್ಷೆಯಲ್ಲಿದ್ದ ಜಾಗ ಬಿಟ್ಟು, ಪೈಲಟ್‌ನ ಎಡ ಭುಜದ ಹಿಂದೆ ಇಡಲಾಗಿತ್ತು. ಅದರ ಮೇಲೆ ಗುರುತೂ ಇರಲಿಲ್ಲ. ಕೀಲಿ ತಿರುಗಿಸಲು ಮೈ ಹೊರಳಿಸಿದಾಗ ಹಿಡಿತ ತಪ್ಪಿತು ಎಂದು ತನಿಖೆ ಹೇಳಿತು.

2011ರಲ್ಲಿ ಅಮೆರಿಕದ ಹವ್ಯಾಸಿ ವಿಮಾನಗಳಿಗಾದ 224 ಅಪಘಾತಗಳಲ್ಲಿ 10 ನಡೆದದ್ದು ಹೊಸ ವಿಮಾನದ ಮೊದಲ ಹಾರಾಟದಲ್ಲಿ. 14 ನಡೆದದ್ದು ಕೊಂಡುಕೊಂಡ ಹೊಸ ಮಾಲೀಕರ ಮೊದಲ ಹಾರಾಟದಲ್ಲಿ.

ಅಪಾಯವನ್ನು ಮುಚ್ಚಿಟ್ಟು ಈ ಹವ್ಯಾಸ ಹೊಗಳುವುದು ಸರಿಯಲ್ಲ. 2012ರಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ನಡೆಸಿದ ಅಧ್ಯಯನದ ಪ್ರಕಾರ, ಅಲ್ಲಿನ ಖಾಸಗಿ ಸಣ್ಣ ವಿಮಾನಗಳಲ್ಲಿ ಹವ್ಯಾಸಿಗಳ ಪಾಲು ಹತ್ತಿರ ಹತ್ತಿರ ಶೇ 10. ಆದರೆ 2011ರ ಒಟ್ಟು ಅಪಘಾತಗಳಲ್ಲಿ ಅವುಗಳ ಪಾಲು ಶೇ 15, ಸಾವು ಸಂಭವಿಸಿದ ಅಪಘಾತಗಳಲ್ಲಿ ಶೇ 21. ಮೊದಲ ಕೆಲವು ಗಂಟೆಗಳ ಹಾರಾಟವೇ ಗಂಡಾಂತರದ್ದು ಎಂಬುದು ಸ್ಪಷ್ಟವಾಗಿತ್ತು. 2014ರಿಂದ, ಪರೀಕ್ಷಾ ಹಾರಾಟದಲ್ಲೂ ಅನುಭವಿ ಪೈಲಟ್ ಒಬ್ಬರನ್ನು ಜತೆಗೆ ಕೂರಿಸಿಕೊಳ್ಳಲು ಅವಕಾಶ ಕೊಟ್ಟರು.

ಕಟ್ಟುವವರಿಗೆ ನಡುವೆ ಇನ್ನೊಂದು ಬಗೆಯ ಪೆಟ್ಟೂ ಬಿತ್ತು. ಬೇಡಿಕೆ ತಾಳಲಾರದೆ ವ್ಯಾನ್ಸ್ ಕಂಪನಿ ಕೆಲವು ತಗಡುಗಳ ತೂತುಗಳನ್ನು ಲೇಸರ್‌ನಿಂದ ಕತ್ತರಿಸಿ ಕಳಿಸಿತು. ಲೇಸರ್ ಬಿಟ್ಟ ಸಣ್ಣ ಕಚ್ಚಿನಿಂದ, ಕುಳಿ ಒತ್ತುವಾಗ, ಬಿರುಕು ಕಾಣಿಸಿಕೊಂಡಿತು. ತೂತಿನ ಅಂಚನ್ನು ರಾತ್ರಿಯೆಲ್ಲ ಸವರಿ ನುಣುಪು ಮಾಡುತ್ತಿದ್ದವರಿಗೆ ಅದೇ ಅಂಚಿನಲ್ಲಿ ಬಿರುಕು! ಬದಲಿ ಭಾಗಗಳ ಹೊರೆ, ನಷ್ಟ ಎಲ್ಲ ಸೇರಿ 2023ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಮರುವರ್ಷ ಚೇತರಿಸಿಕೊಂಡಿತು, ಬೆಲೆ ಏರಿತು. ಮುಂಗಡ ಕಟ್ಟಿ ಅರ್ಧ ಕಟ್ಟಿದ ವಿಮಾನದ ಮುಂದೆ ಕುಳಿತವರ ಆ ದಿನಗಳ ಸಂಕಟ ಊಹಿಸಿಕೊಳ್ಳಬಹುದು.

ಬೆಂಗಳೂರಿನ ಎರಡು ಹಂಸ

ಡೆನ್ವರ್ ಹಾರಿಸಿದ ಲಾಂಗ್-ಇಝೀ ವಿನ್ಯಾಸ ಬರ್ಟ್ ರುಟಾನ್ ಎಂಬ ಪ್ರತಿಭಾವಂತನದು. ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿ ಕುಳಿತ ಈತ ರಿವೆಟ್ ತಂಟೆಯೇ ಬೇಡ ಎಂದ. ಫೋಮ್ ಗಟ್ಟಿಯನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ದು, ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ, ಎಪಾಕ್ಸಿ ಬಳಿದರೆ ರೆಕ್ಕೆ ಸಿದ್ಧ. ಅಚ್ಚು ಬೇಡ. ಪುಟ್ಟ ರೆಕ್ಕೆ ಮುಂದೆ, ದೊಡ್ಡದು ಹಿಂದೆ, ಪ್ರೊಪೆಲರ್ ಬೆನ್ನಿಗೆ. ತಿರುಗಾಮುರುಗಾ ಕಾಣುವ ಈ ವಿಮಾನಗಳ ನಕ್ಷೆಗಳು ಸಾವಿರಾರು ಮಾರಿಹೋದವು. ಕೋರ್ಟು ಕಚೇರಿಯ ಭಯದಿಂದ 1985ರಲ್ಲಿ ರುಟಾನ್ ಮಾರಾಟ ನಿಲ್ಲಿಸಿದರು.

ಅದೇ ಕೈಚಳಕ 1986ರ ಡಿಸೆಂಬರ್‌ನಲ್ಲಿ 'ವಾಯೇಜರ್' ಆಯಿತು. ಬರ್ಟ್ ಅಣ್ಣ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ, ಒಂಬತ್ತು ದಿನಗಳಲ್ಲಿ ಭೂಮಿ ಸುತ್ತಿ ಬಂದರು. ಮೇಲೇರುವಾಗಲೇ ಇಂಧನದ ಭಾರಕ್ಕೆ ಬಾಗಿದ ರೆಕ್ಕೆಯ ತುದಿಗಳು ರನ್‌ವೇಗೆ ಉಜ್ಜಿ ಕಿತ್ತುಹೋಗಿದ್ದವು, ಅದರಲ್ಲೇ ಹೋದರು.

ಈ ಲಾಂಗ್-ಇಝೀ ಬೆಂಗಳೂರಿಗೂ ಬಂತು. ನಮ್ಮ ರಾಷ್ಟ್ರೀಯ ವಿಮಾನ ಪ್ರಯೋಗಾಲಯ ಎನ್‌ಎಎಲ್ 1980ರ ದಶಕದಲ್ಲಿ ಅದೇ ವಿನ್ಯಾಸ ಆಧರಿಸಿ 'ಲೈಟ್ ಕೆನಾರ್ಡ್ ರಿಸರ್ಚ್ ಏರ್‌ಕ್ರಾಫ್ಟ್' ಕಟ್ಟಿ ಹಾರಿಸಿತು. ಗಾಜಿನ ನೂಲು, ಎಪಾಕ್ಸಿಯ ವಿಮಾನ ಮಾಡುವುದು ಹೇಗೆಂದು ಕೈಯಾರೆ ಕಲಿಯುವುದು ಉದ್ದೇಶ. ಆ ಅನುಭವ 1993ರಲ್ಲಿ ಮೊದಲು ಹಾರಿದ 'ಹಂಸ' ತರಬೇತಿ ವಿಮಾನಕ್ಕೆ ಒದಗಿತು. ಅಂದರೆ, ಹವ್ಯಾಸಿಗಳಿಗೆಂದು ಮಾಡಿದ ವಿಮಾನದ ಪಾಠ ರಾಷ್ಟ್ರೀಯ ಪ್ರಯೋಗಾಲಯಕ್ಕೂ ಬೇಕಾಯಿತು.

ಇನ್ನೊಂದು ಹಂಸದ ಕತೆ ಕನ್ನಡಿಗರಿಗೆ ಅಷ್ಟಾಗಿ ಗೊತ್ತಿಲ್ಲ. ಫ್ರಾನ್ಸ್‌ನಿಂದ ಬಂದು ನೆಲೆಸಿದ ಜೋಯೆಲ್ ಕೊಕ್ಲಾ ಬೆಂಗಳೂರಿನಲ್ಲಿ 'ರಾಜ್ ಹಂಸ ಅಲ್ಟ್ರಾಲೈಟ್ಸ್' ಕಟ್ಟಿದರು. ಅಲ್ಯೂಮಿನಿಯಂ ಕೊಳವೆಯ ಅಸ್ಥಿಪಂಜರ, ಅದರ ಮೇಲೆ ಹಾಯಿಪಟದಂಥ ಡೇಕ್ರಾನ್ ಬಟ್ಟೆಯ ಹೊದಿಕೆ, ಇಬ್ಬರು ಪಕ್ಕಪಕ್ಕ ಕೂರುವ ಸೀಟು. 'ಎಕ್ಸ್-ಏರ್' ಎಂಬ ಈ ವಿಮಾನಗಳ ಕಿಟ್ ಇಲ್ಲಿಂದ ಫ್ರಾನ್ಸ್, ಬ್ರಿಟನ್, ಅಮೆರಿಕಕ್ಕೆ ಹೋಯಿತು. ಒಂದು ಮಾದರಿಯ ಹೆಸರು 'ಹನುಮಾನ್'. ಲೋಹದ ವಿಮಾನಕ್ಕೆ ಹೋಲಿಸಿದರೆ ಇವನ್ನು ಕಟ್ಟುವ ಕೆಲಸ ಬಹಳ ಕಡಿಮೆ, ಖರ್ಚೂ ಕಡಿಮೆ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ನಿವೃತ್ತ ಮೇಷ್ಟರೊಬ್ಬರು ಕಟ್ಟಿಕೊಳ್ಳುವ ವಿಮಾನದ ಬಟ್ಟೆ ಬೆಂಗಳೂರಿನಲ್ಲಿ ಹೊಲಿದದ್ದಾಗಿರಬಹುದು.

ವಿಮಾನದ ಮಾತು ಬಂದರೆ ನಮ್ಮಲ್ಲಿ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳ 'ವೈಮಾನಿಕ ಶಾಸ್ತ್ರ' ಮುಂದೆ ಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲಿ ಅದನ್ನು ಪರಿಶೀಲಿಸಿ, ಅಲ್ಲಿ ಹೇಳಿದ ಯಂತ್ರಗಳು ಹಾರಲಾರವು ಎಂದು ತೋರಿಸಿದರು. ಹಾರದ ಆ ವಿಮಾನಗಳ ಬಗ್ಗೆ ನಡೆದಷ್ಟು ಚರ್ಚೆ, ಹಾರಿ ದೇಶ ದಾಟಿದ ರಾಜ್ ಹಂಸದ ಬಗ್ಗೆ ನಡೆಯಲಿಲ್ಲ.

ತಾರಸಿಯ ಮೇಲೆ, ಹಿತ್ತಲಿನಲ್ಲಿ

ಭಾರತದಲ್ಲಿದ್ದುಕೊಂಡು ಹವ್ಯಾಸಿಯೊಬ್ಬ ವಿಮಾನ ಕಟ್ಟಬಹುದೇ? ಅತಿ ಹೆಸರಾದ ಉದಾಹರಣೆ ಮುಂಬೈನ ಕ್ಯಾಪ್ಟನ್ ಅಮೋಲ್ ಯಾದವ್. ಜೆಟ್ ಏರ್‌ವೇಸ್‌ನಲ್ಲಿ ಪೈಲಟ್ ಆಗಿದ್ದ ಇವರು ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಕಿಟ್ ಅಲ್ಲ, ಸ್ವಂತ ವಿನ್ಯಾಸ. ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಎಂಜಿನ್, ಯಂತ್ರಗಳನ್ನೆಲ್ಲ ಮೇಲೆ ಹೊತ್ತೊಯ್ದು ನಡೆಸಿದ ಸಾಹಸ.

2016ರ ಫೆಬ್ರುವರಿಯಲ್ಲಿ ಮುಂಬೈನ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಅದು ಎಲ್ಲರ ಕಣ್ಣು ಸೆಳೆಯಿತು. ಕಾಗದದ ಹಾದಿ ಮಾತ್ರ ಮೆಟ್ಟಿಲಿಗಿಂತ ಕಡಿದು. ನೋಂದಣಿ ಸಿಕ್ಕಿದ್ದು 2017ರ ನವೆಂಬರ್‌ನಲ್ಲಿ, ಅದೂ ಮುಖ್ಯಮಂತ್ರಿ, ಪ್ರಧಾನಿಯವರೆಗೆ ವಿಷಯ ಹೋದ ಮೇಲೆ. ಹಾರಾಟ ಪರೀಕ್ಷೆ ನಡೆದದ್ದು 2020ರಲ್ಲಿ, ಧುಳೆಯಲ್ಲಿ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಿ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕೇರಳ ಮೂಲದ ಎಂಜಿನಿಯರೊಬ್ಬರು ಕೊರೊನಾ ಲಾಕ್‌ಡೌನ್ ಕಾಲದಲ್ಲಿ ದಕ್ಷಿಣ ಆಫ್ರಿಕಾದ ನಾಲ್ಕು ಸೀಟಿನ 'ಸ್ಲಿಂಗ್' ಕಿಟ್ ತರಿಸಿ, ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಕಟ್ಟತೊಡಗಿದರು. ಸುಮಾರು 1.4 ಲಕ್ಷ ಪೌಂಡ್ ಖರ್ಚು. ಹಂತ ಹಂತದ ತಪಾಸಣೆ ಮುಗಿಸಿ, 2022ರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯುರೋಪ್ ತಿರುಗಿದರು. ಎರಡು ವರ್ಷ.

ಇಬ್ಬರಲ್ಲಿ ಹಟಕ್ಕೆ ಕೊರತೆ ಇರಲಿಲ್ಲ. ಒಬ್ಬರಿಗೆ ತುಳಿದು ಸವೆದ ದಾರಿ ಸಿಕ್ಕಿತು, ಇನ್ನೊಬ್ಬರು ಗಿಡಗಂಟಿ ಸವರಿಕೊಂಡು ಹೋಗಬೇಕಾಯಿತು.

ಕಟ್ಟಡದ ಜಾಗ, ಮೆಟ್ಟಿಲು, ಬಾಗಿಲಿನ ವಿಷಯವೂ ತಮಾಷೆಯಲ್ಲ. ನೆಲಮಾಳಿಗೆಯಲ್ಲಿ ವಿಮಾನ ಮುಗಿಸಿ, ಹೊರತರಲು ಗೋಡೆ ಒಡೆಸಿದವರ ಕತೆಗಳು ಹವ್ಯಾಸಿಗಳ ಕೂಟದಲ್ಲಿ ಎಂದೂ ಹಳೆಯದಾಗುವುದಿಲ್ಲ. ಬುದ್ಧಿವಂತರು ರೆಕ್ಕೆಯನ್ನು ಮನೆಯಲ್ಲಿ ಕಟ್ಟಿ, ದೇಹಕ್ಕೆ ಕೂರಿಸುವ ಕೆಲಸವನ್ನು ಏರ್‌ಫೀಲ್ಡ್‌ನ ಹ್ಯಾಂಗರ್‌ಗೆ ಬಿಡುತ್ತಾರೆ.

ಬೆಂಗಳೂರಿಗೆ ಇದೆಲ್ಲ ಅಪರಿಚಿತವಲ್ಲ. ಎಚ್‌ಎಎಲ್ ಇದೆ, ಎನ್‌ಎಎಲ್ ಇದೆ, ತಗಡು ಕತ್ತರಿಸುವುದರಲ್ಲಿ ಪಳಗಿದ ಪೀಣ್ಯದ ವರ್ಕ್‌ಶಾಪ್‌ಗಳಿವೆ, ಜಕ್ಕೂರಿನಲ್ಲಿ ಸಣ್ಣ ವಿಮಾನಗಳಿಗೆಂದೇ ಒಂದು ರನ್‌ವೇ ಇದೆ. ನಿವೃತ್ತ ವಿಮಾನ ಮೆಕ್ಯಾನಿಕ್‌ಗಳು ಒಂದೊಂದು ಬಡಾವಣೆಯಲ್ಲೂ ಸಿಗುತ್ತಾರೆ. ಬ್ರಿಟನ್ನಿನ ಹಾಗೆ ಹವ್ಯಾಸಿಗಳ ಸಂಘಕ್ಕೇ ತಪಾಸಣೆಯ ಹೊಣೆ ಕೊಟ್ಟು, ಹಂತ ಹಂತದ ಒಪ್ಪಿಗೆಯ ಸರಳ ನಿಯಮವೊಂದನ್ನು ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ತಂದರೆ, ಇಂಥ ಹಿರಿಯರೇ ಇನ್‌ಸ್ಪೆಕ್ಟರ್‌ಗಳಾಗಬಹುದು. ಎಂಜಿನಿಯರಿಂಗ್ ಕಾಲೇಜುಗಳ ಏರೋನಾಟಿಕಲ್ ವಿಭಾಗಗಳು ವರ್ಷಕ್ಕೊಂದು ಬಾಲದ ಕಿಟ್ ತರಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರೂ ಸಾಕು. ನಾಲ್ಕು ವರ್ಷ ಏರೋನಾಟಿಕಲ್ ಓದಿ ಒಂದು ರಿವೆಟ್ ಹೊಡೆಯದೆ ಹೊರಬರುವ ಹುಡುಗರಿಗೆ ಅದಕ್ಕಿಂತ ದೊಡ್ಡ ಪ್ರಯೋಗಾಲಯ ಬೇಕಿಲ್ಲ.

ಇಷ್ಟು ಓದಿ ಕೈ ತುರಿಸುತ್ತಿದ್ದರೆ ಎರಡು ಮಾತು. ಕಿಟ್‌ಗೆ ಮುಂಗಡ ಕಟ್ಟುವ ಮೊದಲು ಡಿಜಿಸಿಎ ನಿಯಮ ಓದಿ, ಬಲ್ಲವರನ್ನು ಕೇಳಿ. ಕಟ್ಟಿದ ಮೇಲೆ ಹಾರಲು ಅನುಮತಿ ಸಿಗದಿದ್ದರೆ ಅದು ಶೆಡ್ಡಿನ ಅಲಂಕಾರ. ಹಾರಾಟ ಮೊದಲು ಕಲಿಯಿರಿ, ಆಮೇಲೆ ಕಟ್ಟಿ. ಕಟ್ಟುವ ವರ್ಷಗಳಲ್ಲಿ ಹಾರುವ ಅಭ್ಯಾಸ ಬಿಡಬೇಡಿ. ಮನೆಯವರ ಒಪ್ಪಿಗೆ ಪಡೆಯಿರಿ, ಉಕ್ಕಿನ ತುಂಡು ಹಿಡಿಯುವ ಕೈ ಅವರದೇ. ಅಷ್ಟಾದ ಮೇಲೂ ಆಸೆ ಉಳಿದಿದ್ದರೆ ಬಾಲ ತರಿಸಿ. ರೆಕ್ಕೆಯ ಮಾತು ಆಮೇಲೆ.